ಶಾಸಕರೇ, ದೋಣಿಗೆ ಮೈಲೇಜ್ ಇರುವುದಿಲ್ಲ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕಳೆದ ದೀಪಾವಳಿಯ ಹೊತ್ತಿಗೆ ಹೇಮಾವತಿ ಹಿನ್ನೀರಿನಲ್ಲಿ ನಮ್ಮೂರ ದೋಣಿ ಹತ್ತಿದ ತಾವು, ‘ಇದು ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ?’ ಎಂದು ಕೇಳಿದಿರಿ. ಸುತ್ತ ಇದ್ದವರೆಲ್ಲ ನಕ್ಕರು. ಚುಕ್ಕಾಣಿ ಹಿಡಿದವನು ಮಾತ್ರ ನಗಲಿಲ್ಲ. ಅದೇ ಪ್ರಶ್ನೆಗೆ ಉತ್ತರ ಹೇಳಲಾಗದೆ ಅವನ ಸಂಬಳದಿಂದ ಆಗಲೇ ಡೀಸೆಲ್ ಹಣ ಮುರಿದುಕೊಳ್ಳಲು ಶುರುವಾಗಿತ್ತು. ಈಗಲೂ ಮುರಿಯುತ್ತಿದ್ದಾರೆ.

ದೋಣಿಯ ಲೆಕ್ಕ ನೋಡುವ ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿಂದ ಕೊಟ್ಟಿರುವ ಲಾಗ್ ಪುಸ್ತಕ ಮಾತ್ರ ಜೀಪಿನದು. ‘ವಾಹನ ಸಂಖ್ಯೆ’ ಎಂಬ ಕಾಲಂನಲ್ಲಿ ‘ದೋಣಿ’ ಎಂದು ಪೆನ್ನಿನಲ್ಲಿ ಬರೆದಿದೆ. ದಡದಿಂದ ದಡಕ್ಕೆ 2 ಕಿ.ಮೀ., ದಿನಕ್ಕೆ 10 ಸಲ ದಾಟಿದರೆ 20 ಕಿ.ಮೀ., ಲೀಟರಿಗೆ 5 ಕಿ.ಮೀ.ಯಂತೆ 4 ಲೀಟರ್. ಚಾಲಕ ಹಾಕಿಸುವುದು ಆರೂವರೆ. ಮಿಕ್ಕ ಎರಡೂವರೆ ಲೀಟರ್ ಕದ್ದದ್ದು ಎಂದು ತೀರ್ಮಾನ.

ನಾನು 26 ವರ್ಷಗಳಿಂದ ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುತ್ತಿರುವವನು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಗಲೂ ರಾತ್ರಿ ಓಡುವಾಗ ಯಾವ ತೋಟದ ಲೆಕ್ಕ ಬರೆಯುವ ರೈಟರೂ ಎಂಜಿನ್ನಿನ ಮೈಲೇಜ್ ಕೇಳುವುದಿಲ್ಲ. ಗಂಟೆಗೆ ಎಷ್ಟು ಕುಡಿಯಿತು ಎಂದಷ್ಟೇ ಕೇಳುತ್ತಾನೆ. ದೋಣಿಗೂ ಅದೇ ಪ್ರಶ್ನೆ ಸರಿ, ಆದರೆ ಒಂದು ಮಾತು ಸೇರಿಸಬೇಕು: ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ?

ಸಣ್ಣ ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡಲು ಹೆಚ್ಚುಕಡಿಮೆ 0.22 ಲೀಟರ್ ಸುಡುತ್ತದೆ. ನಮ್ಮ ದೋಣಿಯದು 20 ಅಶ್ವಶಕ್ತಿ, 2000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 2000 ಸುತ್ತು. ಪೂರ್ತಿ ಎಳೆದರೆ ಗಂಟೆಗೆ ನಾಲ್ಕೂವರೆ ಲೀಟರ್. ಆದರೆ ನೀರಿನೊಳಗೆ ತಿರುಗುವ ರೆಕ್ಕೆಯ ಸ್ವಭಾವವೇ ಬೇರೆ. ಅದರ ಸುತ್ತು ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಅದನ್ನೇ ತಿರುಗಿಸಿ ನೋಡಿ: 2000ದಿಂದ 1600ಕ್ಕೆ ಇಳಿಸಿದರೆ ಸಾಕು, ಶಕ್ತಿ ಅರ್ಧಕ್ಕೆ ಬರುತ್ತದೆ, ಡೀಸೆಲ್ ಗಂಟೆಗೆ ಸುಮಾರು ಎರಡೂವರೆ ಲೀಟರಿಗೆ. ದಾಟಲು 11 ನಿಮಿಷದ ಬದಲು 13 ನಿಮಿಷ ಬೇಕು, ಅಷ್ಟೇ. ನಮ್ಮ 25 ಅಡಿಯ ಭಾರದ ದೋಣಿ ಹೇಗೂ ಗಂಟೆಗೆ 12 ಕಿ.ಮೀ. ಮುಟ್ಟುವ ಹೊತ್ತಿಗೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಏದುಸಿರು ಬಿಡುತ್ತದೆ; ಅಲ್ಲಿಂದಾಚೆ ಸುರಿದ ಡೀಸೆಲ್ ಹೊಗೆಯಾಗುತ್ತದೆಯೇ ಹೊರತು ವೇಗವಾಗುವುದಿಲ್ಲ.

ಚಾಲಕ ಓಡಿಸುವುದು 1600ರಲ್ಲೇ. ದಿನಕ್ಕೆ ಎರಡೂಕಾಲು ಗಂಟೆಯ ಓಟಕ್ಕೆ ಐದೂವರೆ ಲೀಟರ್ ದಾಟುತ್ತದೆ. ಶಾಲೆಯ ಮಕ್ಕಳಿಗೆ, ಹಾಲಿನ ಕ್ಯಾನಿನವರಿಗೆ ಕಾಯುತ್ತಾ ದಡದಲ್ಲಿ ಎಂಜಿನ್ ಸುಮ್ಮನೆ ಓಡುವುದು ಒಂದೂವರೆ ಗಂಟೆಗೂ ಮೇಲೆ. ಅದಕ್ಕೆ ಮುಕ್ಕಾಲು ಲೀಟರ್. ಕೂಡಿಸಿದರೆ ಆರೂವರೆಯ ಹತ್ತಿರ ಬಂತಲ್ಲ, ಕಳ್ಳತನ ಎಲ್ಲಿದೆ?

ಬಾಯಿಮಾತು ಬೇಡವೆಂದು ಒಂದು ಭಾನುವಾರ ಅಳತೆಯನ್ನೂ ಮಾಡಿದೆವು. ಐದು ಲೀಟರಿನ ಬಿಳಿ ಕ್ಯಾನಿಗೆ ಗೆರೆ ಎಳೆದು, ಅದರಿಂದ ಎಂಜಿನ್ನಿಗೆ ಪೈಪ್ ಕೊಟ್ಟೆವು. 1600 ಸುತ್ತಿನಲ್ಲಿ ಗಂಟೆಗೆ 3 ಲೀಟರ್ ಇಳಿಯಿತು. ನನಗೇ ಅನುಮಾನ ಬಂತು. ನೋಡಿದರೆ, ಎಂಜಿನ್ ಬಳಸದೆ ಬಿಟ್ಟ ಡೀಸೆಲ್ ರಿಟರ್ನ್ ಪೈಪಿನಲ್ಲಿ ತೊಟ್ಟು ತೊಟ್ಟಾಗಿ ಹಳೆಯ ಟ್ಯಾಂಕಿಗೆ ಹೋಗಿ ಬೀಳುತ್ತಿತ್ತು! 26 ವರ್ಷದ ಮೇಸ್ತ್ರಿಯ ತಪ್ಪು, ಒಪ್ಪುತ್ತೇನೆ. ಆ ಪೈಪನ್ನೂ ಅದೇ ಕ್ಯಾನಿಗೆ ಇಳಿಬಿಟ್ಟ ಮೇಲೆ ಸಿಕ್ಕಿದ್ದು ಗಂಟೆಗೆ 2.4 ಲೀಟರ್.

ಇನ್ನೊಂದು ಸಂಗತಿ. ಶೆಟ್ಟಿಹಳ್ಳಿಯ ಚರ್ಚ್ ಸೊಂಟದವರೆಗೆ ಮುಳುಗಿರುವಾಗ ಇರುವ 2 ಕಿ.ಮೀ., ಅದರ ಸುತ್ತ ದನ ಮೇಯುವ ಬೇಸಿಗೆಯಲ್ಲಿ ಇರುವುದಿಲ್ಲ. ಅಣೆಕಟ್ಟೆಯ ಮಟ್ಟ ತುಂಬಿದಾಗಿನ 2922 ಅಡಿಯಿಂದ ಇಳಿದಂತೆಲ್ಲ ದಡ ಒಳಕ್ಕೆ ಸರಿಯುತ್ತದೆ. ದೂರ ಕಡಿಮೆಯಾಯಿತೆಂದು ಡೀಸೆಲ್ ಅಷ್ಟೇ ಇಳಿಯುತ್ತದೆಯೇ? ಇಲ್ಲ. ಜೊಂಡು, ಹರಿದ ಬಲೆ ರೆಕ್ಕೆಗೆ ಸುತ್ತಿಕೊಂಡರೆ ಎಂಜಿನ್ ಕಪ್ಪು ಹೊಗೆ ಉಗುಳುತ್ತಾ ಹೆಚ್ಚು ಕುಡಿಯುತ್ತದೆ. ವರ್ಷಕ್ಕೆಲ್ಲ ಒಂದೇ ದರ ಕಟ್ಟುವವರು ಹಿನ್ನೀರನ್ನು ಒಮ್ಮೆ ಏಪ್ರಿಲ್‌ನಲ್ಲಿ ನೋಡಬೇಕು.

ತಾವು ಮಾಡಿಸಬೇಕಾದದ್ದು ದೊಡ್ಡದೇನಲ್ಲ. ಎಂಜಿನ್ನಿಗೆ ಓಡಿದ ಗಂಟೆ ಎಣಿಸುವ ಒಂದು ಅವರ್ ಮೀಟರ್ ಹಾಕಿಸಿ. ಜೀಪಿನ ಲಾಗ್ ಪುಸ್ತಕ ಜೀಪಿಗೇ ಹೋಗಲಿ. 1200, 1600, 2000 ಸುತ್ತುಗಳಲ್ಲಿ ಒಮ್ಮೆ ಕಚೇರಿಯವರ ಎದುರಿಗೇ ಅಳೆದು, ಆ ಪಟ್ಟಿಯನ್ನು ದೋಣಿಯಲ್ಲಿ ಅಂಟಿಸಲಿ. ಚಾಲಕನಿಂದ ಮುರಿದುಕೊಂಡ ಹಣ ಅವನ ಕೈಸೇರಲಿ. ಮಗಳ ಕಾಲೇಜು ಶುಲ್ಕ ಕಟ್ಟಲು ಈ ತಿಂಗಳ ಕೊನೆಯವರೆಗೆ ಮಾತ್ರ ಅವನಿಗೆ ಗಡುವಿದೆ.

ಅಳತೆಯ ದಿನ ಗೊತ್ತುಮಾಡಿ ತಿಳಿಸಿ. ಕ್ಯಾನ್ ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಿನ್ನೀರಿನ ದಡದ ಒಬ್ಬ ಡೀಸೆಲ್ ಮೇಸ್ತ್ರಿ
ಹಾಸನ ಜಿಲ್ಲೆ