ಬಾಟಲಿ ಮೇಲೆ ಆಲಿವ್, ಒಳಗೆ ಸೂರ್ಯಕಾಂತಿ

ಮಾನ್ಯ ಸಂಪಾದಕರೇ,

ಈ ಬೇಸಿಗೆಯಲ್ಲಿ ನಿಮ್ಮ ಪುರವಣಿಯಲ್ಲಿ ಮನೆಯಲ್ಲೇ ಸೋಪು ಮಾಡುವ ಬಗ್ಗೆ ಒಂದು ಬರಹ ಬಂದಿತ್ತು. ಅರ್ಧ ಕೆಜಿ ತೆಂಗಿನೆಣ್ಣೆಗೆ 87 ಗ್ರಾಂ ಕಾಸ್ಟಿಕ್ ಸೋಡ ಅಂತ ತೂಕ ಕೊಟ್ಟಿದ್ದಿರಿ. ಅದು ಸರಿಯಾಗಿಯೇ ಇತ್ತು. ಅದರ ಕೆಳಗೆ ಒಂದು ಸಾಲು ಇತ್ತು ನೋಡಿ, 'ತೆಂಗಿನೆಣ್ಣೆ ಬದಲು ಆಲಿವ್ ಎಣ್ಣೆ ಅಥವಾ ನಿಮಗಿಷ್ಟವಾದ ಯಾವ ಎಣ್ಣೆಯೂ ಆದೀತು' ಅಂತ. ನನ್ನ ತಕರಾರು ಆ ಸಾಲಿನದ್ದು.

ಸಾಗರದಲ್ಲಿರುವ ನನ್ನ ಅತ್ತಿಗೆ ಅದನ್ನು ನಂಬಿದರು. ಆಲಿವ್ ಕಾಯಿಯ ಚಿತ್ರ ಇದ್ದ ಬಾಟಲಿ ತಂದರು. ಅರ್ಧ ಕೆಜಿ ಎಣ್ಣೆ ಅಳೆದು ಅದೇ 87 ಗ್ರಾಂ ಸೋಡ ಹಾಕಿದರು. ನಾಲ್ಕು ವಾರ ಒಣಗಿಸಿ ಕೈ ತೊಳೆದರೆ ಉರಿಯೋ ಉರಿ. ಬೆರಳ ಸಂದಿಯಲ್ಲಿ ಚರ್ಮ ಎದ್ದಿತ್ತು. 'ನಾನೇ ಎಂತದೋ ತಪ್ಪು ಮಾಡಿದೆ ಕಾಣ್ತದೆ' ಅಂತ ಫೋನಿನಲ್ಲಿ ಹೇಳಿದರು. ತಪ್ಪು ಅವರದ್ದಲ್ಲ.

ಒಂದೊಂದು ಎಣ್ಣೆ ಒಂದೊಂದು ಪ್ರಮಾಣದಲ್ಲಿ ಸೋಡ ತಿನ್ನುತ್ತದೆ. 100 ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 18.3 ಗ್ರಾಂ ಸೋಡ ಬೇಕು. ಆಲಿವ್‌ಗಾಗಲಿ ಸೂರ್ಯಕಾಂತಿಗಾಗಲಿ 13.5 ಗ್ರಾಂ ಸಾಕು. ಅರ್ಧ ಕೆಜಿಗೆ ಲೆಕ್ಕ ಹಾಕಿದರೆ ತೆಂಗಿಗೆ 91, ಇವಕ್ಕೆ 67. ಕೈಗೆ ಮೃದುವಾಗಿರಲಿ ಅಂತ ಇದರಲ್ಲೂ ನೂರಕ್ಕೆ ಐದರಷ್ಟು ಕಡಿಮೆ ಹಾಕುವುದು ರೂಢಿ. ನಿಮ್ಮ 87 ಬಂದದ್ದು ಹಾಗೆ. ಅತ್ತಿಗೆಯ ಸೋಪಿನಲ್ಲಿ 20 ಗ್ರಾಂ ಸೋಡಕ್ಕೆ ಎಣ್ಣೆಯೇ ಸಿಗದೆ ಹಾಗೇ ಉಳಿಯಿತು. ಅದು ಚರ್ಮವನ್ನು ಬಿಟ್ಟೀತೇ?

ಅರಿಸಿನ ಹಚ್ಚಿ ನೋಡಿ, ಕೆಂಪಾದರೆ ಸೋಡ ಜಾಸ್ತಿ ಅಂತ ಯಾರೋ ಅವರಿಗೆ ಹೇಳಿದರಂತೆ. ಒಳ್ಳೆಯ ಸೋಪೂ ಅರಿಸಿನವನ್ನು ಕೆಂಪು ಮಾಡುತ್ತದೆ. ಆ ಪರೀಕ್ಷೆಯಿಂದ ಪ್ರಯೋಜನ ಇಲ್ಲ.

ಇನ್ನು ನನ್ನ ಕಥೆ. ನಾವು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದವರು. ಆರು ವರ್ಷದಿಂದ ಮನೆ ಬಳಕೆಗೆ ಸೋಪು ಮಾಡುತ್ತಿದ್ದೇನೆ. ಹೋದ ವರ್ಷ ನಾನೂ ಅಂಥದ್ದೇ ಬಾಟಲಿಗೆ ಮರುಳಾದೆ. ಶುದ್ಧ ಆಲಿವ್ ಎಣ್ಣೆಯ ಬೆಲೆ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ, ಇದು ಅಗ್ಗಕ್ಕೆ ಸಿಕ್ಕಿತಲ್ಲ ಅಂತ ಖುಷಿ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಹಿಂದಿನ ಚೀಟಿ ಓದಿದೆ. ಸೂರ್ಯಕಾಂತಿ 80, ಆಲಿವ್ 20. ಇದು ಮೋಸ ಅಂತ ಹೇಳುವಂತೆಯೂ ಇಲ್ಲ. ಬೆರಕೆ ಎಣ್ಣೆಯಲ್ಲಿ ಯಾವ ಎಣ್ಣೆಯೂ ನೂರಕ್ಕೆ 20ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಬಾಟಲಿ ಮೇಲೆ ಬರೆಯಬೇಕು ಅಂತ ಕಾನೂನೇ ಇದೆ. ಅವರು ಬರೆದಿದ್ದರು. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ.

ಸೋಡದ ಲೆಕ್ಕ ನಾನು ತಪ್ಪಲಿಲ್ಲ. ಎರಡೂ ಎಣ್ಣೆಗೆ ಹೆಚ್ಚುಕಡಿಮೆ ಒಂದೇ ಪ್ರಮಾಣ ಆದ್ದರಿಂದ ಬೆರಕೆಯಲ್ಲಿ ಸೂರ್ಯಕಾಂತಿ 80 ಇದ್ದರೂ 50 ಇದ್ದರೂ ಸೋಡದ ತೂಕ ಬದಲಾಗುವುದಿಲ್ಲ. 500 ಗ್ರಾಂಗೆ 64 ಹಾಕಿದೆ. ಆರಿದ್ರೆ ಮಳೆ ಹಿಡಿದಿತ್ತು. ಅಚ್ಚಿಗೆ ಹೊಯ್ದದ್ದು ಗಟ್ಟಿಯಾಗಲು ನಾಲ್ಕು ದಿನ ಬೇಕಾಯಿತು. ಕತ್ತರಿಸಿದರೆ ಚಾಕುವಿಗೆ ಹಸಿ ಗಿಣ್ಣಿನ ಹಾಗೆ ಮೆತ್ತಿಕೊಂಡಿತು. ಅಡಿಕೆ ಒಣಗಿಸುವ ತಟ್ಟಿ ಮೇಲೆ ಸಾಲಾಗಿ ಇಟ್ಟು ಅಟ್ಟಕ್ಕೆ ಏರಿಸಿದೆ. ಪುಷ್ಯ ಮಳೆಯ ಹೊತ್ತಿಗೆ ಇಳಿಸಿ ನೋಡಿದರೆ ಬೆವರಿ ನೀರು ಒಡೆದಿತ್ತು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಸೋಪಿನ ಒಳಗೇ ಹುಟ್ಟುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ಅದು ಇದ್ದದ್ದೇ. ಅತ್ತೆ ಮಾತ್ರ ಒಂದು ತುಂಡು ನೀರಿಗೆ ಹಿಡಿದು ನೋಡಿ, 'ಇದೆಂತ ಮಾರಾಯ್ತಿ, ಮತ್ತಿಸೊಪ್ಪಿನ ಗೊಂಪು ಮಾಡಿಟ್ಟಿದ್ದೀಯ' ಅಂದರು. ನೊರೆ ಇಲ್ಲ, ಬರೀ ಲೋಳೆ.

ದೀಪಾವಳಿ ಹೊತ್ತಿಗೆ ಗಟ್ಟಿಯಾಯಿತು. ಆದರೆ ಒಂದೊಂದರ ಮೇಲೂ ಎಲೆ ಅಡಿಕೆ ಉಗುಳು ಸಿಡಿದ ಹಾಗೆ ಕಿತ್ತಳೆ ಬಣ್ಣದ ಚುಕ್ಕೆ. ಮೂಗಿಗೆ ಹಿಡಿದರೆ ಹಳೆ ಹಪ್ಪಳದ ಡಬ್ಬಿ ತೆಗೆದಂಥ ಕಮಟು. ಆಲಿವ್ ಎಣ್ಣೆಯಲ್ಲಿ ಒಲೀಕ್ ಆಮ್ಲ ಜಾಸ್ತಿ, ಅದು ಬೇಗ ಕೆಡುವುದಿಲ್ಲ. ಸಾಮಾನ್ಯ ಸೂರ್ಯಕಾಂತಿಯಲ್ಲಿ ಲಿನೋಲಿಕ್ ಆಮ್ಲ ಜಾಸ್ತಿ, ಅದು ಗಾಳಿ ತಾಗಿದರೆ ಬಲು ಬೇಗ ಕಮಟುತ್ತದೆ. ಅದಕ್ಕೆ ಕಬ್ಬಿಣದ ಅಂಶ ಸೇರಿದರಂತೂ ಮುಗಿಯಿತು. ನಮ್ಮ ಬಾವಿ ನೀರು ತುಂಬಿಟ್ಟರೆ ಬಿಂದಿಗೆಯ ತಳ ಕೆಂಪಾಗುತ್ತದೆ. ಆ ನೀರಿನಲ್ಲೇ ಸೋಡ ಕರಗಿಸಿದ್ದೆ. ಈಗ ಅಂಗಳದಲ್ಲಿ ಸ್ಟೀಲ್ ಪಾತ್ರೆ ಇಟ್ಟು ಹಿಡಿದ ಮಳೆನೀರು ಬಳಸುತ್ತೇನೆ. ಹಂಚಿನ ಮೇಲಿಂದ ಇಳಿದದ್ದಲ್ಲ, ನೇರ ಆಕಾಶದ್ದು.

ಹಾಗಂತ ಆ ಬಾಟಲಿ ಚೆಲ್ಲಬೇಕಾಗಿಲ್ಲ. ಪಾಲು ಇಳಿಸಿದರೆ ಆಯಿತು. ನಾನು ಈಗ ಮಾಡುವುದು ಹೀಗೆ: ತೆಂಗಿನೆಣ್ಣೆ 250 ಗ್ರಾಂ, ಬೆರಕೆ ಎಣ್ಣೆ 125, ಮುರುಗಲು (ಕೋಕಂ) ತುಪ್ಪ 75, ಹರಳೆಣ್ಣೆ 50. ಇದಕ್ಕೆ ಸೋಡ 75 ಗ್ರಾಂ, ನೀರು 160 ಗ್ರಾಂ. ತೆಂಗು ನೊರೆ ಕೊಡುತ್ತದೆ, ಹರಳೆಣ್ಣೆ ಆ ನೊರೆ ಹಿಡಿದು ನಿಲ್ಲಿಸುತ್ತದೆ. ಗಟ್ಟಿತನಕ್ಕೆ ಮುರುಗಲು ತುಪ್ಪದಂಥದ್ದು ಇನ್ನೊಂದಿಲ್ಲ. ಚಳಿಗಾಲದಲ್ಲಿ ಹಿಮ್ಮಡಿ ಒಡೆದಾಗ ಹಚ್ಚುತ್ತೇವಲ್ಲ, ಅದೇ. ಬೀಜ ಜಜ್ಜಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಅತ್ತೆ ಉಂಡೆ ಕಟ್ಟಿಡುತ್ತಾರೆ, ಕಲ್ಲಿನ ಹಾಗೆ ಇರುತ್ತದೆ. ಹಿತ್ತಿಲಲ್ಲಿ ಮುರುಗಲು ಮರ ಇಟ್ಟುಕೊಂಡು ನಾವು ಸ್ಪೇನಿನ ಆಲಿವ್ ಹುಡುಕಿಕೊಂಡು ಹೋಗುತ್ತೇವೆ. ನಾನೂ ಹೋದವಳೇ ಬಿಡಿ.

ಹೀಗೆ ಮಾಡಿದ್ದು ಮರುದಿನವೇ ಕತ್ತರಿಸಲು ಬರುತ್ತದೆ. ಆರು ವಾರ ಒಣಗಿಸಿದರೆ ಬಳಕೆಗೆ ತಯಾರು. ಮಾಘದಲ್ಲಿ ಮಾಡಿದ ತುಂಡು ಈಗಲೂ ಬಚ್ಚಲ ಗೂಡಿನಲ್ಲಿದೆ, ಚುಕ್ಕೆ ಬಂದಿಲ್ಲ. ನಮ್ಮ ಮನೆಯವರು ಮಾತ್ರ ಇನ್ನೂ ಮೈಸೂರು ಸ್ಯಾಂಡಲ್ ಬಿಟ್ಟಿಲ್ಲ.

ನಿಮ್ಮ ಬರಹದಲ್ಲಿ ಇನ್ನೊಂದು ಕೊರತೆ ಕಂಡಿತು. ಸೋಡವನ್ನು ನೀರಿಗೆ ಸುರಿಯಬೇಕೇ ಹೊರತು ಸೋಡದ ಮೇಲೆ ನೀರು ಹೊಯ್ಯಬಾರದು. ಹೊಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಮುಟ್ಟಲೇಬಾರದು, ಸೋಡ ಅದನ್ನು ತಿಂದು ಗ್ಯಾಸ್ ಬಿಡುತ್ತದೆ. ಸ್ಟೀಲ್ ಆಗಬಹುದು. ಇವೆರಡನ್ನೂ ಬರೆಯದೆ ಸೋಪಿಗೆ ಹಾಕುವ ಗುಲಾಬಿ ದಳದ ಬಗ್ಗೆ ಇಡೀ ಪ್ಯಾರಾ ಬರೆದಿದ್ದೀರಿ. ದಳ ಎರಡೇ ವಾರಕ್ಕೆ ಕಪ್ಪಾಗುತ್ತದೆ, ಇಲಿ ಹಿಕ್ಕೆ ಬಿದ್ದ ಹಾಗೆ ಕಾಣುತ್ತದೆ.

ನಮ್ಮೂರ ಸ್ವಸಹಾಯ ಸಂಘದ ನಾಲ್ಕು ಜನ ಆ ಪುಟ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಮಾರಾಟಕ್ಕೂ ಯೋಚಿಸುತ್ತಿದ್ದಾರೆ. ಮೈಗೆ ಹಚ್ಚುವ ಸೋಪು ಮಾಡಿ ಮಾರಲು ಲೈಸೆನ್ಸ್ ಬೇಕು ಅಂತ ನಾನು ಹೇಳಿದ್ದೇನೆ. ಸೋಡದ ವಿಷಯದಲ್ಲಿ ಮಾತ್ರ 'ಪೇಪರ್‌ನಲ್ಲೇ ಬಂದಿದೆಯಲ್ಲ' ಅನ್ನುತ್ತಾರೆ. ನನ್ನ ಮಾತಿಗಿಂತ ಅಚ್ಚಾದ ಮಾತಿಗೆ ತೂಕ ಜಾಸ್ತಿ, ಅಲ್ವಾ? ಅದಕ್ಕೇ ಕೇಳುತ್ತಿದ್ದೇನೆ. ಮುಂದಿನ ಪುರವಣಿಯಲ್ಲಿ ಆ ಒಂದು ಸಾಲು ತೆಗೆದು, ಯಾವ ಎಣ್ಣೆಗೆ ಎಷ್ಟು ಗ್ರಾಂ ಸೋಡ ಅಂತ ಬರೆದು ಹಾಕಿ. ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ.

ಇತಿ ನಿಮ್ಮ ಓದುಗಳು,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ