ಗೋಪುರ ಮುಂದಿನ ವರ್ಷಕ್ಕೆ, ಈ ವರ್ಷ ಬಾವಿಗೆ: ಹಣಮಪ್ಪನ ಗುಡಿ ಕಮಿಟಿಯ ದೇಣಿಗೆ ಮನವಿ

ನಮ್ಮೂರಿನ ಹಿರಿಯರಿಗೆ, ಊರು ಬಿಟ್ಟು ಪುಣೆ, ಸೊಲ್ಲಾಪುರ, ಗೋವಾ, ಬೆಂಗಳೂರಿಗೆ ದುಡಿಯಲು ಹೋದವರಿಗೆ, ಲಗ್ನವಾಗಿ ಬೇರೆ ಊರು ಸೇರಿದ ಅಕ್ಕ-ತಂಗಿಯರಿಗೆ ಗುಡಿ ಕಮಿಟಿಯವರ ಶರಣು ಶರಣಾರ್ಥಿ.

ಹೋದ ವರ್ಷ ಇದೇ ಹೊತ್ತಿಗೆ ಗೋಪುರಕ್ಕೆಂದು ಪಟ್ಟಿ ಎತ್ತಿದ್ದೆವು. ನೀವೂ ಕೈ ಬಿಚ್ಚಿ ಕೊಟ್ಟಿರಿ. ಗೋಪುರ ಇನ್ನೂ ಎದ್ದಿಲ್ಲ, ಯಾಕೆಂದು ಮೊದಲು ಹೇಳಿಬಿಡುತ್ತೇವೆ. ಗುಡಿಯ ಕಟ್ಟೆಯ ಮೇಲೆ ಸಭೆ ಕೂಡಿದ್ದಾಗ, ನೀರಿನ ಸರದಿಯಲ್ಲಿ ಕೊಡ ಇಟ್ಟು ಬಂದಿದ್ದ ಆಯಿಯೊಬ್ಬರು ಕೇಳಿದರು: "ಗೋಪುರಾ ಕಟ್ರಿ, ಬ್ಯಾಡ ಅನ್ನಂಗಿಲ್ಲ. ಅದನ್ನ ತೊಳಿಯಾಕ ನೀರ ಎಲ್ಲಿಂದ ತರ್ತೀರಿ?" ಕೆಲವರು ನಕ್ಕರು. ಕಮಿಟಿಯವರಿಗೆ ನಗಲಾಗಲಿಲ್ಲ. ಯಾಕೆಂದರೆ ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಓಕುಳಿ ಹೊಂಡ ತುಂಬಿಸಲು ನಾವೇ ಮೂರು ಟ್ಯಾಂಕರ್ ನೀರು ಕೊಂಡಿದ್ದೆವು. ಓಕುಳಿ ಹೊಂಡಕ್ಕೂ ಬಾವಿಗೂ ನಡುವೆ ಇರುವುದು ಇಪ್ಪತ್ತು ಹೆಜ್ಜೆ.

ಆ ಬಾವಿಯ ವಿಷಯಕ್ಕೇ ಈ ಪತ್ರ.

ಐವತ್ತು ದಾಟಿದವರಿಗೆ ವಿವರಿಸಬೇಕಿಲ್ಲ. ಕಲ್ಲಿನ ಕಮಾನು, ಒಳಗೆ ಇಳಿಯುವ ಪಾವಟಿಗೆಗಳು, ಮೇಲೆ ಎರಡು ಗಡಗಡಿ. ನಸುಕಿನಲ್ಲಿ ಗಡಗಡಿಯ ಸಪ್ಪಳಕ್ಕೇ ಅಗಸಿಯ ತನಕ ಎಚ್ಚರವಾಗುತ್ತಿತ್ತು. ಶನಿವಾರ ಇಲ್ಲೇ ಮಿಂದು, ಒದ್ದೆ ಬಟ್ಟೆಯಲ್ಲೇ ದೀಡ ನಮಸ್ಕಾರ ಹಾಕುತ್ತಿದ್ದರು. ಈಗ ದೀಡ ನಮಸ್ಕಾರಕ್ಕೆ ಬಂದವರ ಮೈಮೇಲೆ ಟ್ಯಾಂಕರಿನ ನೀರು ಒಂದು ಚರಿಗೆ ಸುರಿಯುತ್ತೇವೆ. ಮೊದಲು ಬೇಸಿಗೆಯಲ್ಲಿ ಇಪ್ಪತ್ತೆರಡು ಪಾವಟಿಗೆ ಎಣಿಸಿ ನೀರು ಮುಟ್ಟುತ್ತಿದ್ದೆವು. ಈಗ ಹತ್ತನೆಯ ಪಾವಟಿಗೆಗೇ ಹೂಳು. ಅದರ ಮೇಲೆ ಹರಿದ ಫ್ಲೆಕ್ಸು, ಗಣಪತಿಯ ತಗಡು, ಒಣಗಿದ ಹಾರ, ಗುಟ್ಕಾ ಚೀಟಿ. ಬಾವಿ ಬತ್ತಿದ್ದಲ್ಲ, ನಾವು ಮುಚ್ಚಿದ್ದು. ದೇವರ ಹೂವೆಂದು ಅದರೊಳಗೆ ಹಾಕಿದವರಲ್ಲಿ ಗುಡಿಯವರೂ ಇದ್ದೇವೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಾವಿ ಬಿಟ್ಟು ಬೋರಿನ ಬೆನ್ನು ಹತ್ತಿದೆವು. ನೀರು ನೋಡುವವರು ಬಂದರು. ಅವರ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತು, ಚಪ್ಪಾಳೆಯೂ ಆಯಿತು. 520 ಅಡಿ ಕೊರೆಸಿದೆವು. ಬಂದದ್ದು ಬೂದಿಯಂಥ ಕಲ್ಲಿನ ಹುಡಿ, ಗುಡಿಯ ಗರುಡಗಂಬವೆಲ್ಲ ಬೆಳ್ಳಗಾಯಿತು. ಆ ದುಡ್ಡು ಹೋಯಿತು. ನಮ್ಮ ಭಾಗದ ನೆಲವೇ ಹಾಗಿದೆ: ಮೇಲೆ ಎರಿ ಮಣ್ಣು, ಅದರ ಕೆಳಗೆ ಸಡಿಲಾದ ಕಲ್ಲು, ಆಮೇಲೆ ಗಟ್ಟಿ ಕರಿಕಲ್ಲು. ಮಳೆಯ ನೀರು ಹೆಚ್ಚಾಗಿ ನಿಲ್ಲುವುದು ಆ ನಡುವಿನ ಸಡಿಲು ಪದರಿನಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ತೆರೆದ ಬಾವಿ ಸುತ್ತಲಿಂದ ಅದನ್ನು ಸೆಲೆಯಾಗಿ ಎಳೆದುಕೊಳ್ಳುತ್ತದೆ. ಬೋರಿಗೆ ಕೆಳಗೊಂದು ಬಿರುಕು ಸಿಕ್ಕರೆ ಪುಣ್ಯ, ಸಿಗದಿದ್ದರೆ ಹುಡಿ.

ಡೋಣಿ ಹೊಳೆಯ ಸಾಲಿನವರು ನಾವು. ಬಿಳಿಜೋಳಕ್ಕೆ ಈ ಮಣ್ಣಿಗೆ ಸಮನಾದದ್ದಿಲ್ಲ, ಆದರೆ ಹೊಳೆಯ ನೀರು ಸವಳು, ಬಾಯಿಗೆ ಇಡಲು ಬರುವುದಿಲ್ಲ. ಕೃಷ್ಣೆಯ ನೀರು ಎತ್ತಿ ತರುವ ಮುಳವಾಡ ಏತ ನೀರಾವರಿಯ ಕಾಲುವೆ ಬಂದ ಕಡೆ ಕೆರೆ ತುಂಬಿವೆ, ಬಾವಿಗಳಿಗೆ ಜೀವ ಬಂದಿದೆ, ಕಣ್ಣಾರೆ ಕಂಡಿದ್ದೇವೆ. ನಮ್ಮೂರು ದಿಬ್ಬದ ಮೇಲಿದೆ. ಕೃಷ್ಣೆ ಇಲ್ಲಿಗೆ ಹತ್ತಿ ಬರುವವರೆಗೆ ಮೇಲಿನಿಂದ ಬಿದ್ದದ್ದನ್ನೇ ಹಿಡಿಯಬೇಕು.

ಹಿಡಿದವರ ಉದಾಹರಣೆಗೆ ದೂರ ಹೋಗಬೇಕಿಲ್ಲ. ವಿಜಯಪುರ ಪಟ್ಟಣದಲ್ಲಿ ಹೊಳೆಯಿಲ್ಲ. ಆದರೂ ಆದಿಲಶಾಹಿ ಕಾಲದಲ್ಲಿ ಅಷ್ಟು ದೊಡ್ಡ ಊರು ಬಾಳಿತು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು, ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿ ಹರಿಸಿದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿದರು. ನೀರಿನ ಒತ್ತಡ ತಗ್ಗಿಸಲು, ಹೂಳು ಕೆಳಗೆ ಕೂತು ತಿಳಿನೀರು ಮುಂದೆ ಹೋಗಲು. ಗೋಪುರ ಕಟ್ಟಲೇಬೇಕೆಂದು ಹಟ ಹಿಡಿದವರಿಗೆ ನಾವು ಸಭೆಯಲ್ಲಿ ತೋರಿಸಿದ್ದು ಅದೇ ಗೋಪುರವನ್ನು! ತಾಜ್ ಬಾವಡಿಯಲ್ಲೂ ಹೂಳು ತುಂಬಿತ್ತು, ಕೆಲವು ವರ್ಷಗಳ ಹಿಂದೆ ತೆಗೆಸಿದರು. ಅಷ್ಟು ದೊಡ್ಡದನ್ನು ತೆಗೆಯಲು ಆದರೆ ನಮ್ಮದೇನು ಮಹಾ.

ಹೂಳು ತೆಗೆದು ಬಿಟ್ಟರೆ ನಾಲ್ಕು ವರ್ಷಕ್ಕೆ ಮತ್ತೆ ಇದೇ ಗತಿ. ಅದಕ್ಕೇ ಗುಡಿಯ ಸಭಾಮಂಟಪದ ಮಾಳಿಗೆ ಮತ್ತು ಪಕ್ಕದ ಕನ್ನಡ ಶಾಲೆಯ ಮಾಳಿಗೆ, ಎರಡರ ಮಳೆನೀರನ್ನೂ ಬಾವಿಗೆ ಇಳಿಸಬೇಕೆಂದಿದ್ದೇವೆ. ಲೆಕ್ಕ ಸಾದಾ ಇದೆ, ಏಳನೆಯ ಇಯತ್ತೆಯ ಮಕ್ಕಳೇ ಕರಿಹಲಗೆಯ ಮೇಲೆ ಮಾಡಿ ತೋರಿಸಿದರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಎರಡೂ ಮಾಳಿಗೆ ಸೇರಿ 300 ಚದರ ಮೀಟರ್. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಎಂದು ಹಿಡಿದರೆ 1,80,000 ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು ಐದರಲ್ಲೊಂದು ಪಾಲು ಕಳೆದರೂ 1,44,000 ಲೀಟರ್ ಉಳಿಯಿತು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 28 ಟ್ಯಾಂಕರ್, ಮೇಲೆ ಸ್ವಲ್ಪ. ಮಳೆ ಕೈಕೊಟ್ಟ ವರ್ಷ ಇದರ ಅರ್ಧವೇ ಬಂದೀತು, ಅದೂ ನಿಜ.

ನಮ್ಮ ಅಜ್ಜಿಯರಿಗೆ ಇದು ಹೊಸದಲ್ಲ. ಮಾಳಿಗೆಯ ನೀರು ಬೀಳುವಲ್ಲಿ ಹಂಡೆ ಇಡುತ್ತಿದ್ದರು. ಮೊದಲ ನೀರಿನಲ್ಲಿ ಎತ್ತಿನ ಮೈ ತೊಳೆಯುತ್ತಿದ್ದರು, ಅರ್ಧ ತಾಸು ಬಿಟ್ಟು ಹಂಡೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಈಗ ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್, ಬಟ್ಟೆಯ ಬದಲು ಜಲ್ಲಿ, ಇದ್ದಿಲು, ಮರಳು ತುಂಬಿದ ತೊಟ್ಟಿ. ಶಾಲೆಯ ಗೋಡೆಗೆ ಕಾಣುವಂತೆಯೇ ಪೈಪು ಕೂಡಿಸುತ್ತೇವೆ. ನಿಮ್ಮ ಮನೆಗೂ ಮಾಡಿಸಬೇಕೆನಿಸಿದರೆ ಬಂದು ನೋಡಿರಿ, ಅಳತೆ ಬರೆದುಕೊಳ್ಳಿರಿ, ಕೂಡಿಸಿದ ಪ್ಲಂಬರನನ್ನೇ ಕೇಳಿರಿ. ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ಬರುವವರೆಗೆ ಕುಡಿಯಲು ಕೊಡುವುದಿಲ್ಲ. ಅಲ್ಲಿಯವರೆಗೆ ಅಭಿಷೇಕಕ್ಕೆ, ದನಕ್ಕೆ, ಶಾಲೆಯ ಬೇವಿನ ಸಸಿಗಳಿಗೆ.

ಖರ್ಚು: ಕ್ರೇನು, ಕೂಲಿ, ಹೂಳು ಸಾಗಿಸುವುದಕ್ಕೆ ₹1,60,000. ಕುಸಿದ ಕಲ್ಲು ಮತ್ತೆ ಕೂಡಿಸಲು ₹1,10,000. ಸಿಮೆಂಟು ಮೆತ್ತಿಸುವುದಿಲ್ಲ, ಸೆಲೆ ಮುಚ್ಚುತ್ತವೆ, ಹಳೆಯ ಕೆಲಸ ಬಲ್ಲ ಗವಂಡಿಯೇ ಬೇಕು. ಕಬ್ಬಿಣದ ಜಾಳಿಗೆ ಮತ್ತು ಗೇಟಿಗೆ ₹60,000, ಪೈಪು-ತೊಟ್ಟಿಗೆ ₹70,000. ಒಟ್ಟು ನಾಲ್ಕು ಲಕ್ಷ. ಗೋಪುರಕ್ಕೆ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆವು. ಬಾವಿಗೆ ಬಳಸಿರಿ ಎಂದವರ ಹಣ ₹1,25,000 ಆಗಿದೆ. ಬೇಡ ಎಂದವರದು ಗೋಪುರದ ಖಾತೆಯಲ್ಲೇ ಇದೆ, ಮುಟ್ಟಿಲ್ಲ. ಇನ್ನು ಬೇಕಾದದ್ದು ₹2,75,000.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಖಾತೆ ನಂಬರು ಮತ್ತು ಸ್ಕ್ಯಾನ್ ಮಾಡುವ ಹಾಳೆ ಗುಡಿಯ ಬಾಗಿಲಲ್ಲಿದೆ, ಊರ ವಾಟ್ಸಾಪ್ ಗುಂಪಿಗೂ ಹಾಕಿದ್ದೇವೆ. ಆದಾಯ ತೆರಿಗೆಯ 80ಜಿ ರಿಯಾಯಿತಿ ನಮ್ಮ ಕಮಿಟಿಗಿಲ್ಲ, ಕೇಳಿ ಬೇಸರ ಮಾಡಿಕೊಳ್ಳಬೇಡಿರಿ. ಎಷ್ಟೇ ಕೊಟ್ಟರೂ ಬಾವಿಯ ಕಲ್ಲಿನ ಮೇಲೆ ಯಾರ ಹೆಸರೂ ಕೆತ್ತಿಸುವುದಿಲ್ಲ. ಪ್ರತಿ ಶನಿವಾರ ಜಮಾ-ಖರ್ಚು ಬೋರ್ಡಿಗೆ ಹಚ್ಚುತ್ತೇವೆ. ದುಡ್ಡಿಲ್ಲದವರು ಕೆಲಸಗಾರರ ಊಟಕ್ಕೆ ಜೋಳ, ಬೇಳೆ, ಖಾರ ಕೊಟ್ಟರೂ ನಡೆಯುತ್ತದೆ. ಇಲ್ಲವೇ ಒಂದು ದಿನ ಬುಟ್ಟಿ ಹಿಡಿದು ಬನ್ನಿರಿ. ಒಳಗೆ ಇಳಿಯುವುದು ಮಾತ್ರ ಪಳಗಿದವರೇ, ಹಗ್ಗ ಕಟ್ಟಿಕೊಂಡೇ. ಮಕ್ಕಳನ್ನು ದಡಕ್ಕೂ ಬಿಡುವುದಿಲ್ಲ.

ಬಸವ ಜಯಂತಿಯ ಮರುದಿನ ಕೆಲಸ ಶುರು. ಕಾರಹುಣ್ಣಿಮೆಯೊಳಗೆ ಮುಗಿಯಬೇಕು, ಆಮೇಲೆ ಮಳೆ ಕಾಯುವುದಿಲ್ಲ.

ಕೊನೆಗೊಂದು ಮಾತು. ಗುಡಿಯ ಕೋಣೆಯಲ್ಲಿ ಹಳೆಯ ಪಾತಾಳಗರಡಿ ಇನ್ನೂ ತೂಗುತ್ತಿದೆ, ಕೊಕ್ಕೆಗಳು ಮಾತ್ರ ತುಕ್ಕು ಹಿಡಿದಿವೆ. ಅದಕ್ಕೂ ಸಿಗದೆ ತಳ ಸೇರಿದ ಕೊಡ, ತಂಬಿಗೆ, ಚರಿಗೆ ಎಷ್ಟಿವೆಯೋ. ಹೂಳಿನಲ್ಲಿ ಸಿಕ್ಕಿದ್ದನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಕಟ್ಟೆಯ ಮೇಲೆ ಸಾಲಾಗಿ ಇಡುತ್ತೇವೆ. ಕಂಠದ ಮೇಲೆ ನಿಮ್ಮ ಅವ್ವನ, ಅಜ್ಜಿಯ ಹೆಸರು ಕಂಡರೆ ಗುರುತು ಹೇಳಿ ಮನೆಗೆ ಒಯ್ಯಿರಿ.