ಸ್ಮಾರ್ಟ್ ಗ್ರಂಥಾಲಯದ ಟೆಂಡರ್ ಕರೆಯುವ ಮುನ್ನ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಸಾದರ ವಂದನೆಗಳು.

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಸೆನ್ಸರ್‌ಗಳು, ಪುಸ್ತಕಕ್ಕೆ ಅಂಟಿಸಿ ರೇಡಿಯೊ ಅಲೆಗಳಿಂದ ಓದುವ ಆರ್‌ಎಫ್‌ಐಡಿ ಟ್ಯಾಗ್‌ಗಳು ಮತ್ತು ಜಾಲಕ್ಕೆ ಜೋಡಿಸಿದ ಇತರ ಸ್ಮಾರ್ಟ್ ಸಾಧನಗಳನ್ನು ಒದಗಿಸುವ ಪ್ರಸ್ತಾವಗಳು ಇಂದು ಎಲ್ಲೆಡೆ ಉನ್ನತ ಶಿಕ್ಷಣ ಇಲಾಖೆಗಳ ಮುಂದಿವೆ. ಗ್ರಂಥಾಲಯವನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಸಾಧನಗಳು ಬೇಕೇ ಬೇಕು. ಆದರೆ ಅವು ಕಲೆಹಾಕುವ ಮಾಹಿತಿಯನ್ನು ಯಾರು, ಯಾವ ಕೆಲಸಕ್ಕೆ, ಎಷ್ಟು ಕಾಲ ಇಟ್ಟುಕೊಂಡು ಬಳಸುತ್ತಾರೆ ಎಂಬುದು ಖರೀದಿಯ ಕಡತದಲ್ಲೇ ನಿರ್ಧಾರವಾಗಬೇಕೆಂದು ಕೋರಲು ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ತಪ್ಪು ಕಪಾಟಿಗೆ ಸೇರಿದ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ. ಕ್ಯಾಟಲಾಗ್ ಅದನ್ನು ಲಭ್ಯವಿದೆ ಎಂದು ತೋರಿಸುತ್ತಲೇ ಇರುತ್ತದೆ, ವಿದ್ಯಾರ್ಥಿ ಕಪಾಟಿನ ಮುಂದೆ ನಿಂತು ಬರಿಗೈಯಲ್ಲಿ ಮರಳುತ್ತಾನೆ. ಬಾರ್‌ಕೋಡ್ ಓದಬೇಕಾದರೆ ಪ್ರತಿ ಪುಸ್ತಕವನ್ನೂ ಹೊರತೆಗೆದು ಸ್ಕ್ಯಾನರ್‌ಗೆ ತೋರಿಸಬೇಕು. ಗ್ರಂಥಾಲಯಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 13.56 ಮೆಗಾಹರ್ಟ್ಸ್ ಆವರ್ತನದ ಆರ್‌ಎಫ್‌ಐಡಿ ಟ್ಯಾಗ್‌ಗಳನ್ನಾದರೋ ಕೈಯಲ್ಲಿ ಹಿಡಿಯುವ ರೀಡರನ್ನು ಸಾಲಿನುದ್ದಕ್ಕೂ ಸರಿಸಿ ಓದಿಬಿಡಬಹುದು. ಸಿಂಗಪುರದ ಸಾರ್ವಜನಿಕ ಗ್ರಂಥಾಲಯಗಳು 1998ರಲ್ಲೇ ಈ ದಾರಿ ಹಿಡಿದವು. ಲೋಹದ ಕಪಾಟುಗಳ ಬಳಿ, ತೆಳುವಾದ ಪುಸ್ತಕಗಳು ಒತ್ತಾಗಿ ನಿಂತಲ್ಲಿ, ಕೆಲವು ಟ್ಯಾಗ್‌ಗಳು ಓದಿಗೆ ಸಿಗದೆ ಉಳಿಯುತ್ತವೆ ಎಂಬುದೂ ನಿಜ. ಆದ್ದರಿಂದ ಯಂತ್ರದ ಪಟ್ಟಿಯನ್ನು ಕಣ್ಣಿನಿಂದ ತಾಳೆ ನೋಡುವ ಸಿಬ್ಬಂದಿ ಇರಲೇಬೇಕು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದಾದ, ಓದುಗನ ಸಮಯವನ್ನು ಉಳಿಸಬೇಕು ಎಂಬುದಕ್ಕೆ ಇಷ್ಟು ನೇರವಾಗಿ ನೆರವಾಗುವ ಸಾಧನ ಅಪರೂಪ.

ಇದಕ್ಕಿಂತ ದೊಡ್ಡ ಲಾಭವೊಂದಿದೆ, ಅದರ ಮಾತು ಪ್ರಸ್ತಾವಗಳಲ್ಲಿ ಕಾಣುವುದೇ ಕಡಿಮೆ. ಎರವಲು ಕೊಡದ ಉಲ್ಲೇಖ ಗ್ರಂಥಗಳು, ಹಳೆಯ ನಿಯತಕಾಲಿಕೆಗಳ ಸಂಪುಟಗಳು, ಮಹಾಪ್ರಬಂಧಗಳು ಓದುವ ಮೇಜಿನವರೆಗೆ ಬಂದು, ಸಂಜೆಗೆ ಮತ್ತೆ ಕಪಾಟಿಗೆ ಮರಳುತ್ತವೆ. ಎರವಲಿನ ದಾಖಲೆಯಲ್ಲಿ ಅವುಗಳ ಬಳಕೆ ಸೊನ್ನೆ. ಜಾಗ ಸಾಲದೆ ಪುಸ್ತಕಗಳನ್ನು ತೆಗೆದುಹಾಕುವಾಗ, ಚಂದಾ ನಿಲ್ಲಿಸುವಾಗ ಎದುರಿಗಿರುವುದು ಆ ದಾಖಲೆಯೊಂದೇ ಆದರೆ, ದಿನವೂ ಓದಿಸಿಕೊಳ್ಳುವ ಸಂಪುಟವೇ ಮೊದಲು ಹೊರಬೀಳುತ್ತದೆ. ಮೇಜುಗಳಿಂದ ಪುಸ್ತಕಗಳನ್ನು ಒಟ್ಟುಮಾಡುವ ತಳ್ಳುಗಾಡಿಗೆ ಒಂದು ರೀಡರ್ ಅಳವಡಿಸಿದರೆ, ಯಾರು ಓದಿದರು ಎಂದು ಕೇಳದೆಯೇ, ಯಾವುದು ಓದಿಸಿಕೊಂಡಿತು ಎಂಬುದು ದಾಖಲಾಗುತ್ತದೆ. ಜ್ಞಾನದ ನಿರ್ವಹಣೆ ಎಂದರೆ ಇಂತಹ ಮಾಹಿತಿಯನ್ನು ಮುಂದಿನ ಖರೀದಿಯ ನಿರ್ಧಾರಕ್ಕೆ ತಲುಪಿಸುವುದು ಎಂದು ನಾನು ನಂಬಿದ್ದೇನೆ.

ಹಸ್ತಪ್ರತಿಗಳ ಕೊಠಡಿಯ ತೇವಾಂಶ ಏರಿದಾಗ ಬೂಷ್ಟು ಹಿಡಿಯುವ ಮೊದಲೇ ಎಚ್ಚರಿಸುವ ಸೆನ್ಸರ್, ಖಾಲಿ ಆಸನ ತೋರಿಸುವ ಸೆನ್ಸರ್ ಇವುಗಳ ಉಪಯೋಗವನ್ನು ವಿವರಿಸಬೇಕಾಗಿಲ್ಲ.

ಆದರೆ ಪುಸ್ತಕ ಎಲ್ಲಿದೆ ಎಂದು ಹೇಳುವ ಟ್ಯಾಗ್‌ಗೆ ಅದರೊಳಗೆ ಏನಿದೆ ಎಂಬುದು ತಿಳಿಯದು. ವಿಷಯ ಶೀರ್ಷಿಕೆಯಿಲ್ಲದ, ತಪ್ಪು ವರ್ಗೀಕರಣ ಸಂಖ್ಯೆಯ ಕ್ಯಾಟಲಾಗ್‌ಗೆ ಎಷ್ಟು ಸಾಧನಗಳನ್ನು ಜೋಡಿಸಿದರೂ ತಪ್ಪು ಉತ್ತರವೇ ಇನ್ನಷ್ಟು ಬೇಗ ಸಿಗುತ್ತದೆ. ಸಂಶೋಧನಾ ವಿದ್ಯಾರ್ಥಿಯ ಅರೆಬರೆ ಪ್ರಶ್ನೆಯನ್ನು ಕೇಳಿಸಿಕೊಂಡು ಸರಿಯಾದ ಆಕರಕ್ಕೆ ದಾರಿ ತೋರುವ ಗ್ರಂಥಪಾಲಕರ ಅನುಭವವೂ ಗ್ರಂಥಾಲಯದ ಜ್ಞಾನವೇ. ಅವರು ನಿವೃತ್ತರಾದ ಮೇಲೆ ಹುದ್ದೆ ಖಾಲಿ ಬಿದ್ದರೆ ಆ ಜ್ಞಾನ ಅವರೊಂದಿಗೇ ಹೊರಟುಹೋಗುತ್ತದೆ. ಹಾಗಾಗಿ ಕ್ಯಾಟಲಾಗ್ ತಿದ್ದುವ ಕೆಲಸಕ್ಕೂ ಹುದ್ದೆ ತುಂಬುವುದಕ್ಕೂ ಅನುದಾನದಲ್ಲಿ ಪಾಲು ಮೀಸಲಿಡಬೇಕೆಂಬುದು ನನ್ನ ಮೊದಲ ವಿನಂತಿ.

ಎರಡನೆಯದು ಓದುಗರ ಖಾಸಗಿತನಕ್ಕೆ ಸಂಬಂಧಿಸಿದ್ದು, ಇದರಲ್ಲಿ ರಾಜಿಗೆ ಎಡೆಯಿರಬಾರದು. ಕಾಯಿಲೆಯ ಬಗ್ಗೆ, ಧರ್ಮದ ಬಗ್ಗೆ, ಅಧಿಕಾರದಲ್ಲಿರುವವರಿಗೆ ಒಪ್ಪದ ರಾಜಕೀಯದ ಬಗ್ಗೆ ಓದುವ ವಿದ್ಯಾರ್ಥಿಗೆ ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎನಿಸಿದರೆ, ಆತ ಆ ಪುಸ್ತಕವನ್ನು ಮುಟ್ಟುವುದಿಲ್ಲ. ಟ್ಯಾಗ್‌ನಲ್ಲಿ ಪುಸ್ತಕದ ಗುರುತಿನ ಸಂಖ್ಯೆಯ ಹೊರತು ಬೇರೇನೂ ಇರಬಾರದು. ಪುಸ್ತಕ ಮರಳಿದ ಮೇಲೆ, ಬಾಕಿಯೇನೂ ಉಳಿಯದಿದ್ದರೆ, ಅದಕ್ಕೂ ಓದುಗನ ಹೆಸರಿಗೂ ಇರುವ ಕೊಂಡಿಯನ್ನು ಅಳಿಸಬೇಕು. ಆಸನ ಎಣಿಸಲು ಕ್ಯಾಮೆರಾ ಬಳಸಬಾರದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ತಯಾರಕರು ಇಟ್ಟಿದ್ದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡು ಅಂತರ್ಜಾಲ ಸೇವೆಗಳನ್ನೇ ಕೆಡವಿತು. ಗ್ರಂಥಾಲಯದ ಸಾಧನಗಳಿಗೆ ಪ್ರತ್ಯೇಕ ಜಾಲವಿರಬೇಕು ಮತ್ತು ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆಂದು ಮಾರಾಟಗಾರರು ಲಿಖಿತವಾಗಿ ಒಪ್ಪಬೇಕು.

ಒಂದೇ ಕಂಪನಿಯ ರೀಡರ್‌ಗೆ ಮಾತ್ರ ಓದಲು ಬರುವ ಟ್ಯಾಗ್‌ಗಳನ್ನು ಲಕ್ಷಾಂತರ ಪುಸ್ತಕಗಳಿಗೆ ಅಂಟಿಸಿದ ಮೇಲೆ ಹಿಂದಿರುಗುವ ದಾರಿ ಬಹಳ ದುಬಾರಿ. ಐಎಸ್‌ಒ 28560 ಎಂಬ ಅಂತರರಾಷ್ಟ್ರೀಯ ಮಾನಕವು ಗ್ರಂಥಾಲಯದ ಟ್ಯಾಗ್‌ಗಳಿಗಾಗಿಯೇ ಇದೆ. ಟೆಂಡರ್‌ನಲ್ಲಿ ಅದನ್ನು ಕಡ್ಡಾಯ ಮಾಡಬೇಕು. ಸಂಗ್ರಹವಾಗುವ ದತ್ತಾಂಶ ವಿಶ್ವವಿದ್ಯಾಲಯದ್ದೇ ಎಂದೂ, ಒಪ್ಪಂದ ಮುಗಿದಾಗ ಅದನ್ನು ಬಳಸಬಹುದಾದ ರೂಪದಲ್ಲಿ ಒಪ್ಪಿಸಬೇಕೆಂದೂ ಸೇರಿಸಬೇಕು.

ಟೆಂಡರ್‌ನ ಷರತ್ತುಗಳ ಕರಡನ್ನು ಅಂತಿಮಗೊಳಿಸುವ ಮೊದಲು ಗ್ರಂಥಪಾಲಕರು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಅಭಿಪ್ರಾಯಕ್ಕಾಗಿ ಪ್ರಕಟಿಸಲು ತಾವು ಆದೇಶಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕ